‘ಮಾಸ್ಟರ್ ಆಫ್ ಪಪೆಟ್ಸ್’ ಇಂದಿಗೂ ಉಳಿದಿರುವುದು ಅದರ ನಿಧಾನದ ಜಾಗಗಳಿಂದ ಅಂತ ನನ್ನ ವಾದ. ನೀವೇನಂತೀರಿ?

ಎಂಟನೇ ಹಾಡು:

ಅಮೆರಿಕದ ಮೆಟಾಲಿಕಾ ಬ್ಯಾಂಡ್‌ನ ಮೂರನೇ ಆಲ್ಬಂ ‘ಮಾಸ್ಟರ್ ಆಫ್ ಪಪೆಟ್ಸ್’ ಬಂದಿದ್ದು 1986ರ ಮಾರ್ಚ್ 3ರಂದು. ಎಂಟು ಹಾಡು, 55 ನಿಮಿಷಕ್ಕೆ ಸ್ವಲ್ಪ ಕಡಿಮೆ. ಥ್ರ್ಯಾಶ್ ಮೆಟಲ್‌ನಲ್ಲಿ, ಅಂದರೆ ಅತಿ ವೇಗದ ಒರಟು ರಾಕ್ ಸಂಗೀತದಲ್ಲಿ, ಒಂದೇ ಒಂದು ಆಲ್ಬಂ ಹೇಳಿ ಅಂದರೆ ಬಹಳ ಜನ ಇದರ ಹೆಸರನ್ನೇ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ವೇಗ, ಸಿಟ್ಟು, ರಿಫ್ (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಅನ್ನುತ್ತಾರೆ. ನನಗೆ ಆ ಉತ್ತರ ಸಾಲದು.

ಅದೇ ವರ್ಷ ಇದಕ್ಕಿಂತ ವೇಗದ ಆಲ್ಬಂಗಳು ಬಂದಿವೆ. ಸ್ಲೇಯರ್‌ನ ‘ರೀನ್ ಇನ್ ಬ್ಲಡ್’, ಕ್ರಿಯೇಟರ್‌ನ ‘ಪ್ಲೆಷರ್ ಟು ಕಿಲ್’, ಡಾರ್ಕ್ ಏಂಜೆಲ್‌ನ ‘ಡಾರ್ಕ್‌ನೆಸ್ ಡಿಸೆಂಡ್ಸ್’. ವೇಗವೊಂದನ್ನೇ ಅಳೆಯುವುದಾದರೆ ಮೆಟಾಲಿಕಾ ಆಗಲೇ ಹಿಂದೆ ಬಿದ್ದಿತ್ತು. ಆದರೂ ಈ ಆಲ್ಬಂ ಮಾತ್ರ ಥ್ರ್ಯಾಶ್ ಕೇಳದವರ ಮನೆಗೂ ಹೋಯಿತು.

ನನ್ನ ವಾದ ಇಷ್ಟು. ಇದರಲ್ಲಿ ಎಲ್ಲಿ ನಿಧಾನ ಆಗಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನುವುದನ್ನು ಬಹಳ ಯೋಚಿಸಿ ಮಾಡಿದ್ದಾರೆ. ಟೈಟಲ್ ಹಾಡನ್ನೇ ತಗೊಳ್ಳಿ. ಎಂಟೂವರೆ ನಿಮಿಷದ ಹಾಡು. ಮೂರೂವರೆ ನಿಮಿಷ ಒಂದೇ ಸಮನೆ ಬಡಿಯುತ್ತದೆ. ಆಮೇಲೆ ಗಿಟಾರಿನ ಗದ್ದಲವೆಲ್ಲ ನಿಂತು, ಮೆಲುವಾದ ತಂತಿ ಬಿಡಿಬಿಡಿಯಾಗಿ ಕೇಳುತ್ತದೆ. ಅದರ ಮೇಲೆ ಎರಡು ಗಿಟಾರ್ ಜೊತೆಯಾಗಿ ಒಂದು ರಾಗ ಹಿಡಿಯುತ್ತವೆ. ಆಮೇಲೆ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಗಿಟಾರಿನಲ್ಲಿ ಒಬ್ಬನೇ ನುಡಿಸಿದ ಸೋಲೋ. ವೇಗದ ಸೋಲೋ ಇನ್ನೊಬ್ಬ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ದು, ಅದು ಮುಂದೆ ಬರುತ್ತದೆ.

ಹಾಡಿನ ವಿಷಯ ಮಾದಕ ವ್ಯಸನ. ಮಾತಾಡುತ್ತಿರುವುದು ಮಾದಕ ವಸ್ತುವೇ: ನೀನು ನನ್ನ ಕೈಗೊಂಬೆ, ನಾನು ಎಳೆದಂತೆ ಕುಣಿ ಅಂತ. ಹಾಗಾದರೆ ಮಧ್ಯದ ಆ ನೆಮ್ಮದಿ ಏನು? ಬಿಡುಗಡೆ ಸಿಕ್ಕಿತು ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಭಾರದ ರಿಫ್ ನಿಧಾನವಾಗಿ ಮತ್ತೆ ಕಟ್ಟಿಕೊಳ್ಳುತ್ತದೆ, ಕೊನೆಗೆ ಅದೇ ಮೊದಲಿನ ಹಿಡಿತಕ್ಕೆ ಬಂದು ಬೀಳುತ್ತೀರಿ. ಹಾಡಿನ ಸಾಹಿತ್ಯ ಹೇಳುವುದನ್ನು ಹಾಡಿನ ಕಟ್ಟಡವೇ ಮಾಡಿ ತೋರಿಸುತ್ತದೆ. ಇದು ಬರೀ ವೇಗದಿಂದ ಆಗುವ ಕೆಲಸ ಅಲ್ಲ.

ನಿಮ್ಮ ಅಭಿಪ್ರಾಯ ಹೇಳಿ. ವಿರೋಧ ಇದ್ದರೆ ಇನ್ನೂ ಒಳ್ಳೆಯದು.

ಸ್ಲೇಯರ್ ಭಕ್ತ:

ವಿರೋಧ ಇದೆ, ಅಣ್ಣಾ.

‘ರೀನ್ ಇನ್ ಬ್ಲಡ್’ ಹತ್ತು ಹಾಡು, 29 ನಿಮಿಷ. ಒಂದು ನಿಮಿಷವೂ ಹೆಚ್ಚಿಲ್ಲ. ನೀವು ‘ಯೋಚಿಸಿ ಮಾಡಿದ್ದಾರೆ’ ಅಂತೀರಿ, ನನಗೆ ಅದರಲ್ಲಿ ಎಳೆದಾಟ ಕಾಣಿಸುತ್ತದೆ. ‘ದಿ ಥಿಂಗ್ ದಟ್ ಶುಡ್ ನಾಟ್ ಬಿ’ ಆರೂವರೆ ನಿಮಿಷ ಯಾಕೆ ಬೇಕು? ‘ಲೆಪರ್ ಮೆಸ್ಸಾಯ’ದ ಮೊದಲ ಅರ್ಧ ತೆಗೆದರೆ ಏನು ಕಳೆದುಕೊಳ್ಳುತ್ತೇವೆ?

ಇನ್ನೊಂದು. ಈ ಆಲ್ಬಂನ ಅಚ್ಚು ಹೊಸದಲ್ಲ. 1984ರ ‘ರೈಡ್ ದಿ ಲೈಟ್ನಿಂಗ್’ ಪಕ್ಕದಲ್ಲಿಟ್ಟು ನೋಡಿ. ಅಲ್ಲೂ ಅಕೂಸ್ಟಿಕ್ ಗಿಟಾರಿನಿಂದ ಶುರು, ತಕ್ಷಣ ಅತಿ ವೇಗದ ಹಾಡು. ಎರಡನೆಯದು ಟೈಟಲ್ ಹಾಡು. ಮೂರನೆಯದು ನಿಧಾನ. ನಾಲ್ಕನೆಯದು ಮೆಲ್ಲಗೆ ಶುರುವಾಗಿ ಕೊನೆಗೆ ಸಿಡಿಯುವ ಹಾಡು. ಒಂದು ದೊಡ್ಡ ವಾದ್ಯಸಂಗೀತ. ಅದೇ ಸ್ಟುಡಿಯೋ, ಅದೇ ನಿರ್ಮಾಪಕ. ಹಾಗಾದರೆ ಹೊಗಳಿಕೆ ಆ ಆಲ್ಬಂಗೆ ಸಲ್ಲಬೇಕು ಅಲ್ವಾ?

ಹಳೇ ಕ್ಯಾಸೆಟ್:

ಅಚ್ಚು ಒಂದೇ ಅನ್ನುವುದು ನಿಜ. ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ, ಫ್ಲೆಮಿಂಗ್ ರಾಸ್ಮುಸೆನ್ ಜೊತೆಯಲ್ಲೇ ಎರಡೂ ಆಗಿದ್ದು. ಆದರೆ ಈ ಸಲ 1985ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಕೂತು ರೆಕಾರ್ಡ್ ಮಾಡಿದರು. ಮಿಕ್ಸಿಂಗ್ (ಬೇರೆ ಬೇರೆ ವಾದ್ಯಗಳ ಸದ್ದನ್ನು ಹದವಾಗಿ ಸೇರಿಸುವ ಕೆಲಸ) ಲಾಸ್ ಏಂಜಲೀಸ್‌ನಲ್ಲಿ ಮೈಕೆಲ್ ವಾಗೆನರ್ ಮಾಡಿದ್ದು. ಆ ನಾಲ್ಕು ತಿಂಗಳ ಕೆಲಸ ಕಿವಿಗೆ ಗೊತ್ತಾಗುತ್ತದೆ. ‘ಬ್ಯಾಟರಿ’ಯ ಶುರುವಿನಲ್ಲಿ ಅಕೂಸ್ಟಿಕ್ ಗಿಟಾರ್‌ಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಆಮೇಲೆ ಅದೇ ರಾಗ ಎಲೆಕ್ಟ್ರಿಕ್ ಗಿಟಾರಿನಲ್ಲಿ ಗೋಡೆಯಷ್ಟು ದಪ್ಪವಾಗಿ ಬರುತ್ತದೆ. ಅದಾದ ಮೇಲೇ ಓಟ.

ನಮ್ಮ ತಲೆಮಾರಿನವರು ಇದನ್ನು ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಂಡು ಕೇಳಿದವರು. 60 ನಿಮಿಷದ ಕ್ಯಾಸೆಟ್‌ಗೆ ಈ ಆಲ್ಬಂ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಮೊದಲ ನಾಲ್ಕು ಹಾಡು 27 ನಿಮಿಷ, ಉಳಿದ ನಾಲ್ಕು 28 ನಿಮಿಷ. ಹಾಡು ಮಧ್ಯಕ್ಕೆ ಕತ್ತರಿಸುವ ತಾಪತ್ರಯ ಇರಲಿಲ್ಲ. ಅದಕ್ಕೇ ಈ ಆಲ್ಬಂ ನನಗೆ ಎರಡು ಮಗ್ಗುಲಾಗಿಯೇ ನೆನಪಿರುವುದು.

ಮೊದಲ ಮಗ್ಗುಲು ಮುಗಿಯುವುದು ‘ವೆಲ್ಕಮ್ ಹೋಮ್ (ಸ್ಯಾನಿಟೇರಿಯಂ)’ನಿಂದ. ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿದ ಒಬ್ಬ ಮೆಲುದನಿಯಲ್ಲಿ ಮಾತಾಡುತ್ತಾನೆ, ಕೊನೆಗೆ ತಿರುಗಿ ಬೀಳುತ್ತಾನೆ. ಕ್ಯಾಸೆಟ್ ತಿರುಗಿಸಿ ಹಾಕಿದರೆ ‘ಡಿಸ್ಪೋಸಬಲ್ ಹೀರೋಸ್’. ಈಗ ಹುಡುಗ ಸೈನ್ಯದಲ್ಲಿದ್ದಾನೆ. ಹಾಡಿನಲ್ಲಿ ಎರಡು ದನಿ, ಒಂದು ಸಾಯಲು ಹೊರಟ ಸಿಪಾಯಿಯದು, ಇನ್ನೊಂದು ಅವನಿಗೆ ಅಪ್ಪಣೆ ಕೊಡುವವನದು. ಎಂಟು ನಿಮಿಷ ಇಬ್ಬರೂ ಸರದಿಯಲ್ಲಿ ಮಾತಾಡುತ್ತಾರೆ. ಎಂಟನೇ ಹಾಡು ಅವರು ಹೇಳಿದ ಕೈಗೊಂಬೆಯ ವಿಷಯ ಟೈಟಲ್ ಹಾಡಿಗೆ ಮುಗಿಯುವುದಿಲ್ಲ. ಮಾದಕ ವಸ್ತು, ಆಸ್ಪತ್ರೆ, ಸೈನ್ಯ, ‘ಲೆಪರ್ ಮೆಸ್ಸಾಯ’ದಲ್ಲಿ ಟಿವಿಯಲ್ಲಿ ಕೂತು ದುಡ್ಡು ಕೇಳುವ ಧರ್ಮಬೋಧಕ. ಪ್ರತಿ ಹಾಡಿನಲ್ಲೂ ದಾರ ಹಿಡಿದವನು ಬೇರೆ, ಸಿಕ್ಕಿಬಿದ್ದವನ ಪಾಡು ಒಂದೇ.

ಮುಖಪುಟದ ಚಿತ್ರವೂ ಅದನ್ನೇ ಹೇಳುತ್ತದೆ. ಡಾನ್ ಬ್ರಾಟಿಗ್ಯಾಮ್ ಬರೆದದ್ದು. ಸಾಲು ಸಾಲು ಬಿಳಿ ಶಿಲುಬೆಗಳು, ಅವಕ್ಕೆ ಕಟ್ಟಿದ ದಾರ, ಕೆಂಪು ಆಕಾಶದಲ್ಲಿ ಎರಡು ಕೈ. ಒಂದು ಶಿಲುಬೆಯ ಮೇಲೆ ಸಿಪಾಯಿಯ ಹೆಲ್ಮೆಟ್ ಕೂಡ ಇದೆ.

‘ರೈಡ್ ದಿ ಲೈಟ್ನಿಂಗ್’ ನನಗೂ ಇಷ್ಟ. ಆದರೆ ಹೀಗೆ ಒಂದೇ ಮಾತನ್ನು ಹಿಡಿದು ಕೊನೆ ತನಕ ಹೋಗುವ ಹಟ ಅದರಲ್ಲಿ ಇಲ್ಲ.

ಬಲಗೈ ಗಿಟಾರ್:

ನುಡಿಸುವವನಾಗಿ ನಾಲ್ಕು ಮಾತು.

ಟೈಟಲ್ ಹಾಡಿನ ರಿಫ್ ಕೇಳಲು ಸಾಮಾನ್ಯ ಅನಿಸಬಹುದು. ನುಡಿಸಲು ಕೂತರೆ ಗೊತ್ತಾಗುತ್ತದೆ. ವೇಗ ನಿಮಿಷಕ್ಕೆ 212 ಬೀಟ್ ಆಸುಪಾಸು. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಅನ್ನು ಕೆಳಗೆ, ಮೇಲೆ, ಕೆಳಗೆ, ಮೇಲೆ ಅಂತ ಆಡಿಸಿದರೆ ಸುಲಭ. ಹೆಟ್‌ಫೀಲ್ಡ್ ಹಾಗೆ ಮಾಡುವುದಿಲ್ಲ. ಪ್ರತಿ ಹೊಡೆತವೂ ಕೆಳಮುಖ. ಕೈ ಮೇಲೆ ಬರುವಾಗ ತಂತಿ ಮುಟ್ಟುವುದಿಲ್ಲ. ಅಂದರೆ ಅಷ್ಟೇ ಸದ್ದಿಗೆ ಕೈಗೆ ಎರಡು ಪಟ್ಟು ಕೆಲಸ.

ಯಾಕೆ ಈ ಕಷ್ಟ? ಮೇಲ್ಮುಖ ಹೊಡೆತದಲ್ಲಿ ಸದ್ದು ಸ್ವಲ್ಪ ಹಗುರ, ಸ್ವಲ್ಪ ಬೇರೆ. ಎಲ್ಲ ಕೆಳಮುಖವಾದರೆ ಪ್ರತಿ ಸ್ವರಕ್ಕೂ ಒಂದೇ ತೂಕ ಬರುತ್ತದೆ. ಅದರ ಮೇಲೆ ಅಂಗೈ ಬದಿಯನ್ನು ಗಿಟಾರಿನ ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಗೆ ಒತ್ತಿ ಹಿಡಿಯಬೇಕು. ಆಗ ಸ್ವರ ಉದ್ದ ಎಳೆಯದೆ ‘ಜುಗ್ ಜುಗ್’ ಅಂತ ಕತ್ತರಿಸಿ ನಿಲ್ಲುತ್ತದೆ. ಥ್ರ್ಯಾಶ್‌ನ ಸದ್ದು ಅಂತ ನಾವು ಗುರುತಿಸುವುದು ಇದನ್ನೇ. ಸ್ಟುಡಿಯೋದಲ್ಲಿ ಅದೇ ಭಾಗವನ್ನು ಮತ್ತೆ ಮತ್ತೆ ನುಡಿಸಿ ಒಂದರ ಮೇಲೊಂದು ಕೂರಿಸಿದ್ದಾರೆ. ಒಬ್ಬನೇ ಮನುಷ್ಯ, ಒಂದೇ ಕೈ, ಕೂದಲೆಳೆ ವ್ಯತ್ಯಾಸ ಇಲ್ಲ. ಆಂಪ್ಲಿಫೈಯರ್ ಮೆಸಾ ಬೂಗಿ ಮಾರ್ಕ್ 2ಸಿ ಪ್ಲಸ್. ಆ ಮಾಡೆಲ್‌ಗೆ ಇವತ್ತಿಗೂ ಇರುವ ಬೇಡಿಕೆಯಲ್ಲಿ ಈ ಆಲ್ಬಂನ ಪಾಲು ದೊಡ್ಡದು.

ಕಲಿಯುವವರಿಗೆ ಒಂದು ಮಾತು. ಮೊದಲ ದಿನವೇ 212ಕ್ಕೆ ಹೋಗಬೇಡಿ. 130ರಲ್ಲಿ ಶುರು ಮಾಡಿ. ಮೊಣಕೈಯಿಂದ ಬಲ ಹಾಕಬೇಡಿ, ಮಣಿಕಟ್ಟು ಸಡಿಲ ಇರಲಿ, ಪಿಕ್‌ನ ತುದಿ ಮಾತ್ರ ತಂತಿ ದಾಟಲಿ. ನೋವು ಬಂದರೆ ಅಲ್ಲಿಗೆ ನಿಲ್ಲಿಸಿ.

ತಾಳದ ಲೆಕ್ಕ:

ನಾನು ಮೃದಂಗ ಕಲಿತವನು. ಮೆಟಲ್ ಪರಿಚಯ ಆಗಿದ್ದು ತಮ್ಮನಿಂದ. ಈ ಹಾಡಿನ ಚರಣ ಮೊದಲ ಸಲ ಕೇಳಿದಾಗ ತೊಡೆ ಮೇಲೆ ತಾಳ ಹಾಕುತ್ತಾ ಕೂತಿದ್ದೆ. ಮೂರು ಬಾರ್ ಸರಿಯಾಗಿ ನಾಲ್ಕು ನಾಲ್ಕು ಎಣಿಕೆ. ನಾಲ್ಕನೆಯದರಲ್ಲಿ ಕೈ ಇನ್ನೂ ಗಾಳಿಯಲ್ಲಿರುವಾಗಲೇ ರಿಫ್ ಮತ್ತೆ ಮೊದಲಿಗೆ ಹೋಗಿಬಿಟ್ಟಿತು.

ಸ್ವರಲಿಪಿ ಬರೆಯುವವರು ಆ ನಾಲ್ಕನೇ ಬಾರನ್ನು 5/8 ಅಂತ ಬರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಖಂಡ ಛಾಪು, ಎರಡೂವರೆ ಎಣಿಕೆ. ಹನ್ನೆರಡಕ್ಕೆ ಎರಡೂವರೆ ಸೇರಿಸಿ, ಆವರ್ತನ ಹದಿನಾಲ್ಕೂವರೆಗೆ ನಿಲ್ಲುತ್ತದೆ. ಹದಿನಾರು ಅಂತ ಕಾಯುತ್ತಿದ್ದ ಕಿವಿಗೆ ಒಂದೂವರೆ ಎಣಿಕೆ ಕಡಿಮೆ ಸಿಗುತ್ತದೆ. ಯಾರೋ ಹಿಂದಿನಿಂದ ತಳ್ಳಿದ ಹಾಗೆ.

ಎಂಟನೇ ಹಾಡು ಅವರ ವಾದಕ್ಕೆ ಇದನ್ನು ಸೇರಿಸಿ. ಕೇಳುವವನಿಗೆ ಎಣಿಕೆಯ ಮೇಲೆ ಹಿಡಿತ ಇಲ್ಲ. ದಾರ ಎಳೆಯುವವನು ಯಾವಾಗ ಬೇಕಾದರೂ ಎಳೆಯುತ್ತಾನೆ. ಪದ ಅರ್ಥ ಆಗದವರಿಗೂ ಮೈಗೆ ಇದು ಗೊತ್ತಾಗುತ್ತದೆ.

ಬಲಗೈ ಗಿಟಾರ್:

@ತಾಳದ ಲೆಕ್ಕ, ಸರ್, ಬಹಳ ಚೆನ್ನಾಗಿ ಹೇಳಿದಿರಿ. ಒಂದು ತಕರಾರು ಮಾತ್ರ. ರೆಕಾರ್ಡಿಂಗ್ ನಿಧಾನ ಮಾಡಿ ಅಳೆದವರು ಅದು ಸರಿಯಾಗಿ 5/8ಕ್ಕೂ ಕೂರುವುದಿಲ್ಲ, ಒಂದು ಚೂರು ಜಾಸ್ತಿ ಇದೆ ಅಂತಾರೆ. ಇವರು ಕಾಗದದ ಮೇಲೆ ಲೆಕ್ಕ ಹಾಕಿ ಬರೆದದ್ದಲ್ಲ, ಕೈಗೆ ಬಂದಂತೆ ಕತ್ತರಿಸಿದ್ದು. ಆದರೆ ಪ್ರತಿ ಸಲವೂ ಗಿಟಾರ್ ಮತ್ತು ಲಾರ್ಸ್ ಉಲ್ರಿಚ್‌ನ ಡ್ರಮ್ಸ್ ಒಟ್ಟಿಗೇ ಕತ್ತರಿಸುತ್ತವೆ. ಅದು ಅಭ್ಯಾಸದಿಂದ ಬಂದ ಒಗ್ಗಟ್ಟು.

ತಾಳದ ಲೆಕ್ಕ:

ಆ ಚೂರು ಜಾಸ್ತಿ ನನಗೂ ಕೇಳಿಸಿದೆ. ಕಛೇರಿಯಲ್ಲಿ ಮುಕ್ತಾಯಕ್ಕೆ ಬರುವಾಗ ದೊಡ್ಡ ವಿದ್ವಾಂಸರು ಕೂಡ ಕೂದಲೆಳೆಯಷ್ಟು ಹಿಡಿದು ಬಿಡುತ್ತಾರೆ. ಬರೆದರೆ ತಪ್ಪು, ಕೇಳಿದರೆ ಸರಿ.

ನಾಲ್ಕು ತಂತಿ:

ಇಷ್ಟು ಮಾತಾದರೂ ಕ್ಲಿಫ್ ಬರ್ಟನ್ ಹೆಸರು ಯಾರೂ ಎತ್ತಿಲ್ಲ. ನನಗೆ ಅದೇ ಬೇಸರ.

ಈ ಆಲ್ಬಂನಲ್ಲಿ ನಿಧಾನದ ಜಾಗಗಳು ಎಲ್ಲಿಂದ ಬಂದವು ಅಂತ ಕೇಳಿದರೆ ಉತ್ತರದ ದೊಡ್ಡ ಪಾಲು ಆ ಬೇಸ್ ವಾದಕ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅವನಿಗೆ ಗೊತ್ತಿತ್ತು, ಬಾಖ್ ಅಂದರೆ ಪ್ರಾಣ. ಎರಡು ದನಿ ಜೊತೆಯಾಗಿ ಹೇಗೆ ನಡೆಯಬೇಕು ಅನ್ನುವುದನ್ನು ಹೆಟ್‌ಫೀಲ್ಡ್ ಕಲಿತದ್ದೂ ಅವನಿಂದ. ಟೈಟಲ್ ಹಾಡಿನ ಮಧ್ಯದ ಜೋಡಿ ಗಿಟಾರ್ ಕೇಳುವಾಗ ಇದು ನೆನಪಿರಲಿ. ‘ಡ್ಯಾಮೇಜ್, ಇಂಕ್’ ಶುರುವಿನಲ್ಲಿ ಅಲೆ ಅಲೆಯಾಗಿ ಏಳುವ ಸದ್ದು ಇದೆಯಲ್ಲ, ಅದು ಸಿಂಥಸೈಜರ್ ಅಲ್ಲ, ಬೇಸ್ ಗಿಟಾರ್. ಬಾಖ್‌ನ ಒಂದು ಭಕ್ತಿಗೀತೆಯ ಆಧಾರದ ಮೇಲೆ ಕಟ್ಟಿದ್ದು. ಅದು ಮುಗಿಯುತ್ತಿದ್ದಂತೆ ಆಲ್ಬಂನ ಅತಿ ಒರಟು ಹಾಡು ಸಿಡಿಯುತ್ತದೆ.

ಇನ್ನು ‘ಓರಿಯನ್’. ಎಂಟೂವರೆ ನಿಮಿಷ, ಒಂದೂ ಪದ ಇಲ್ಲ. ದೂರದಿಂದ ಮೆಲ್ಲಗೆ ಹತ್ತಿರ ಬರುವ ಶುರುವಿನ ಸದ್ದು ಬೇಸ್‌ದು. ಮಧ್ಯದಲ್ಲಿ ಎಲ್ಲ ನಿಂತು ಬೇಸ್ ಒಂದೇ ಒಂದು ಸಾಲು ಹಿಡಿದು ನಡೆಯುತ್ತದೆ, ಅದರ ಮೇಲೆ ಗಿಟಾರ್‌ಗಳು ಒಂದೊಂದಾಗಿ ಬಂದು ಕೂರುತ್ತವೆ. ಗಿಟಾರ್ ಸೋಲೋ ಅಂದುಕೊಂಡು ಜನ ಕೇಳುವ ಭಾಗವೂ ನಿಜವಾಗಿ ಅವನ ಬೇಸ್. ಪಿಕ್ ಇಲ್ಲದೆ ಬೆರಳಿನಲ್ಲೇ ನುಡಿಸುತ್ತಿದ್ದ, ಅದಕ್ಕೆ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಮತ್ತು ‘ವಾ ವಾ’ ಅನ್ನಿಸುವ ವಾ ಪೆಡಲ್ ಹಾಕುತ್ತಿದ್ದ. ಅದಕ್ಕೇ ಈ ಗೊಂದಲ.

1986ರ ಸೆಪ್ಟೆಂಬರ್ 26ರಂದು ಸ್ಟಾಕ್‌ಹೋಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ಬಸ್ಸಿನಲ್ಲಿ ಹೊರಟರು. 27ರ ಬೆಳಗಿನ ಜಾವ ಸ್ವೀಡನ್‌ನ ಹೆದ್ದಾರಿಯಲ್ಲಿ ಬಸ್ ಉರುಳಿತು. ಕ್ಲಿಫ್ ಅಲ್ಲೇ ತೀರಿಕೊಂಡ. 24 ವರ್ಷ. ಅಂತ್ಯಕ್ರಿಯೆಯಲ್ಲಿ ‘ಓರಿಯನ್’ ಹಾಕಿದರು. ಬ್ಯಾಂಡ್ ಅದನ್ನು ವೇದಿಕೆ ಮೇಲೆ ಪೂರ್ತಿಯಾಗಿ ನುಡಿಸಿದ್ದು 2006ರಲ್ಲಿ, ಆಲ್ಬಂಗೆ 20 ವರ್ಷ ಆದಾಗ.

ಮುಂದಿನ ಆಲ್ಬಂ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ 1988ರಲ್ಲಿ ಬಂತು. ಅದರ ಮಿಕ್ಸ್‌ನಲ್ಲಿ ಬೇಸ್ ಕೇಳುವುದೇ ಇಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಏನು ಕಳೆದುಹೋಯಿತು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳುವವ:

ನೋವಾಗುವಂತೆ ಕೇಳುತ್ತಿಲ್ಲ, ಆದರೆ ಕೇಳಲೇಬೇಕು. ಕ್ಲಿಫ್ ಸತ್ತಿದ್ದರಿಂದಲೇ ಈ ಆಲ್ಬಂ ದೊಡ್ಡದಾಯಿತೇ? ಎಳೆಯ ಕಲಾವಿದ ಹೋದರೆ ಅವನ ಕೊನೆಯ ಕೆಲಸಕ್ಕೆ ಒಂದು ಪ್ರಭೆ ಬರುತ್ತದೆ. ಇಲ್ಲೂ ಹಾಗೇ ಆಗಿರಬಹುದಲ್ವಾ?

ನಾಲ್ಕು ತಂತಿ:

ಪ್ರಶ್ನೆ ತಪ್ಪಲ್ಲ. ಆದರೆ ಆ ವರ್ಷ ಏನೇನಾಯಿತು ನೋಡಿ. ರೇಡಿಯೋದಲ್ಲಿ ಹಾಕುತ್ತಿರಲಿಲ್ಲ. ಮ್ಯೂಸಿಕ್ ವಿಡಿಯೋ ಮಾಡಿರಲಿಲ್ಲ. ಮೆಟಾಲಿಕಾದ ಮೊದಲ ವಿಡಿಯೋ ಬಂದಿದ್ದೇ 1989ರಲ್ಲಿ, ‘ಒನ್’ ಹಾಡಿಗೆ. ಇವರಿಗಿದ್ದ ದಾರಿ ಒಂದೇ, ಊರೂರು ಸುತ್ತಿ ನುಡಿಸುವುದು. ಮಾರ್ಚ್‌ನಿಂದ ಆಗಸ್ಟ್ ತನಕ ಹೆಸರಾಂತ ಮೆಟಲ್ ಗಾಯಕ ಓಝಿ ಆಸ್ಬರ್ನ್ ಕಾರ್ಯಕ್ರಮಗಳಿಗೆ ಮುನ್ನ ಅಮೆರಿಕದ ದೊಡ್ಡ ಅಖಾಡಗಳಲ್ಲಿ ನುಡಿಸಿದರು. ಆ ಪ್ರವಾಸದ ನಡುವೆ ಹೆಟ್‌ಫೀಲ್ಡ್ ಸ್ಕೇಟ್‌ಬೋರ್ಡ್‌ನಿಂದ ಬಿದ್ದು ಕೈ ಮುರಿದುಕೊಂಡ. ಗಿಟಾರ್ ತಂತ್ರಜ್ಞ ಜಾನ್ ಮಾರ್ಷಲ್ ಅವನ ಜಾಗದಲ್ಲಿ ರಿದಂ ನುಡಿಸಿದರು, ಹೆಟ್‌ಫೀಲ್ಡ್ ಬರೀ ಹಾಡಿದ. ಪ್ರವಾಸ ನಿಲ್ಲಿಸಲಿಲ್ಲ.

ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 29ನೇ ಸ್ಥಾನಕ್ಕೆ ಏರಿತು. ಐದು ಲಕ್ಷ ಪ್ರತಿಗೆ ಸಿಗುವ ಗೋಲ್ಡ್ ಮಾನ್ಯತೆ ನವೆಂಬರಿನಲ್ಲಿ ಬಂತು. ಕ್ಲಿಫ್ ಅದನ್ನು ನೋಡಲಿಲ್ಲ. ಆದರೆ ಆ ಪ್ರತಿಗಳನ್ನು ಗೆದ್ದುಕೊಟ್ಟ ಪ್ರವಾಸದಲ್ಲಿ ಬೇಸ್ ಹಿಡಿದು ನಿಂತಿದ್ದವನು ಅವನೇ. ಸಾವು ಪ್ರಭೆ ಕೊಟ್ಟಿರಬಹುದು. ಜನ ಬಂದಿದ್ದು ಅದಕ್ಕೂ ಮೊದಲೇ.

ಹೊಸ ಕೇಳುಗಿ:

ನಮಸ್ಕಾರ. ನಾನು 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಅನ್ನುವ ಸೀರಿಯಲ್ ನೋಡಿ ಈ ಹಾಡಿಗೆ ಬಂದವಳು. ನಾಲ್ಕನೇ ಸೀಸನ್‌ನ ಕೊನೆಯಲ್ಲಿ ಎಡ್ಡಿ ಅನ್ನುವ ಪಾತ್ರ ಟ್ರೇಲರ್ ಮನೆಯ ಮೇಲೆ ನಿಂತು ಗಿಟಾರ್ ನುಡಿಸುತ್ತಾನೆ. ಕಥೆ ನಡೆಯುವುದೂ 1986ರ ಮಾರ್ಚ್‌ನಲ್ಲೇ, ಅಂದರೆ ಆಲ್ಬಂ ಬಂದ ತಿಂಗಳು. ಅದಾದ ಮೇಲೆ ಈ ಹಾಡು 36 ವರ್ಷದಲ್ಲಿ ಮೊದಲ ಸಲ ಅಮೆರಿಕದ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಗೆ ಬಂತು.

‘ಸೀರಿಯಲ್ ನೋಡಿ ಬಂದವರು ನಿಜವಾದ ಅಭಿಮಾನಿಗಳಲ್ಲ’ ಅಂತ ಆಗ ತುಂಬಾ ಜನ ಹೇಳಿದರು. ಬ್ಯಾಂಡ್‌ನವರೇ ಎಲ್ಲರಿಗೂ ಸ್ವಾಗತ ಅಂದರು. ನನಗೆ ಅಷ್ಟು ಸಾಕಿತ್ತು.

ನನ್ನ ಅನುಭವ ಹೇಳುತ್ತೇನೆ. ಸೀರಿಯಲ್‌ನಲ್ಲಿ ಬಂದಿದ್ದು ಹಾಡಿನ ಒಂದು ತುಣುಕು, ವೇಗದ ಭಾಗ. ಪೂರ್ತಿ ಹಾಡು ಹಾಕಿದಾಗ ಮಧ್ಯದ ಮೆಲು ಭಾಗ ಬಂತು. ಬೇರೆ ಹಾಡು ಶುರುವಾಯಿತೇನೋ ಅಂತ ಫೋನ್ ನೋಡಿದೆ. ಆ ಭಾಗಕ್ಕೋಸ್ಕರವೇ ಮತ್ತೆ ಮತ್ತೆ ಹಾಕಿದೆ. ಎಂಟನೇ ಹಾಡು ಅವರು ಹೇಳಿದ್ದು ನನ್ನ ವಿಷಯದಲ್ಲಿ ಅಕ್ಷರಶಃ ನಿಜ. ವೇಗ ನನ್ನನ್ನು ಕರೆತಂದಿತು, ನಿಲ್ಲಿಸಿಕೊಂಡದ್ದು ಆ ಭಾಗ.

ಈಗ ಪ್ರಶ್ನೆ. ‘ಮಾಸ್ಟರ್’, ‘ಸ್ಯಾನಿಟೇರಿಯಂ’, ‘ಓರಿಯನ್’ ಮೂರೂ ಮನಸ್ಸಿಗೆ ಹತ್ತಿವೆ. ‘ಡಿಸ್ಪೋಸಬಲ್ ಹೀರೋಸ್’ ಇನ್ನೂ ಒಗ್ಗಿಲ್ಲ, ದಣಿವಾಗುತ್ತದೆ. ಹೇಗೆ ಕೇಳಬೇಕು?

ಹಳೇ ಕ್ಯಾಸೆಟ್:

ಬನ್ನಿ ತಂಗಿ, ಬಂದ ದಾರಿ ಯಾವುದಾದರೇನು.

‘ಡಿಸ್ಪೋಸಬಲ್ ಹೀರೋಸ್’ ದಣಿಸಬೇಕು ಅಂತಲೇ ಮಾಡಿದ ಹಾಡು. ಈ ಸಲ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಯಾವ ಸಾಲು ಹುಡುಗನದು, ಯಾವುದು ಅಪ್ಪಣೆ ಕೊಡುವವನದು ಅಂತ ಗುರುತು ಮಾಡಿ. ಅಪ್ಪಣೆ ಬಂದಾಗಲೆಲ್ಲ ಸಂಗೀತ ಹೇಗೆ ಬಿಗಿಯುತ್ತದೆ ಅಂತ ಗಮನಿಸಿ. ಇಪ್ಪತ್ತೊಂದು ವರ್ಷದ ಮಗನೊಬ್ಬನ ಕಥೆ ಅದು. ನನಗೆ ಈ ಆಲ್ಬಂನಲ್ಲಿ ಎಲ್ಲಕ್ಕಿಂತ ಇಷ್ಟದ ಹಾಡು.

ಅರಮನೆ ಮೈದಾನ 2011:

ತಡವಾಗಿ ಸೇರುತ್ತಿದ್ದೇನೆ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿಗೆ ಬಂದಾಗ ನಾನು ಅಲ್ಲಿದ್ದೆ. ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಹಾಗಾಗಿ ಭಾರತದಲ್ಲಿ ಅವರು ಮೊದಲ ಸಲ ನುಡಿಸಿದ್ದು ನಮ್ಮ ಅರಮನೆ ಮೈದಾನದಲ್ಲೇ.

ಟೈಟಲ್ ಹಾಡು ಬಂದಾಗ ವೇಗದ ಭಾಗದಲ್ಲಿ ಜನ ಕೂಗಿದರು, ಕುಣಿದರು. ಅದು ಎಲ್ಲ ಕಡೆ ಆಗುವುದೇ. ಮಧ್ಯದ ಮೆಲು ಭಾಗಕ್ಕೆ ಬಂದಾಗ ನನ್ನ ಸುತ್ತ ಇದ್ದವರೆಲ್ಲ ಗಿಟಾರಿನ ರಾಗವನ್ನು ಬಾಯಲ್ಲಿ ಹಾಡತೊಡಗಿದರು. ಪದ ಇಲ್ಲ, ‘ಓ ಓ’ ಅಷ್ಟೇ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದವರು, ಚೆನ್ನೈಯಿಂದ, ಈಶಾನ್ಯ ರಾಜ್ಯಗಳಿಂದ ಬಂದವರು, ಎಲ್ಲರಿಗೂ ಬರುತ್ತಿತ್ತು. ಗಿಟಾರ್ ಸೋಲೋವನ್ನು ಬಾಯಿಪಾಠ ಮಾಡಿಕೊಂಡ ಜನ. ಅಷ್ಟು ಜನಕ್ಕೆ ಅದು ಬಾಯಿಗೆ ಬರಬೇಕಾದರೆ ಎಷ್ಟು ವರ್ಷ ಒಬ್ಬೊಬ್ಬರೇ ಕೂತು ಕೇಳಿರಬೇಕು ಯೋಚಿಸಿ.

ಎಂಟನೇ ಹಾಡು:

ಎಲ್ಲರಿಗೂ ಧನ್ಯವಾದ. @ಸ್ಲೇಯರ್ ಭಕ್ತ, ನಿಮ್ಮ ಎರಡು ಪ್ರಶ್ನೆ ಬಾಕಿ ಇವೆ.

‘ದಿ ಥಿಂಗ್ ದಟ್ ಶುಡ್ ನಾಟ್ ಬಿ’ ಸಮುದ್ರದ ತಳದಲ್ಲಿ ಮಲಗಿರುವ ಪ್ರಾಣಿಯ ಬಗ್ಗೆ, ಭಯಾನಕ ಕಥೆಗಾರ ಲವ್‌ಕ್ರಾಫ್ಟ್‌ನ ಕಥೆಗಳಿಂದ ಬಂದದ್ದು. ಗಿಟಾರಿನ ತಂತಿಗಳನ್ನೆಲ್ಲ ಒಂದು ಪೂರ್ತಿ ಸ್ವರ ಕೆಳಗೆ ಇಳಿಸಿ ನುಡಿಸಿದ್ದಾರೆ. ‘ಮಾಸ್ಟರ್’ ಮುಗಿದ ತಕ್ಷಣ ಇನ್ನೊಂದು ವೇಗದ ಹಾಡು ಬಂದಿದ್ದರೆ ‘ಮಾಸ್ಟರ್’ನ ಪೆಟ್ಟು ಕಿವಿಯಲ್ಲಿ ಉಳಿಯುತ್ತಿರಲಿಲ್ಲ. ಈ ಭಾರ ಅಲ್ಲಿ ಬೇಕೇ ಬೇಕು. ಬೇರೆ ಜಾಗದಲ್ಲಿ ಇಟ್ಟಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಅಚ್ಚಿನ ಮಾತಿಗೆ ಬಂದರೆ, ದೊಡ್ಡ ವ್ಯತ್ಯಾಸ ಕೊನೆಯಲ್ಲಿದೆ. ‘ರೈಡ್ ದಿ ಲೈಟ್ನಿಂಗ್’ ವಾದ್ಯಸಂಗೀತದಿಂದ ಮುಗಿಯುತ್ತದೆ. ಇಲ್ಲಿ ‘ಓರಿಯನ್’ ಏಳನೆಯದು. ಅಷ್ಟು ಚೆಲುವಾದದ್ದನ್ನು ಕೊನೆಗೆ ಇಟ್ಟು ಚಪ್ಪಾಳೆ ಗಿಟ್ಟಿಸಬಹುದಿತ್ತು. ಹಾಗೆ ಮಾಡದೆ ಆಮೇಲೆ ‘ಡ್ಯಾಮೇಜ್, ಇಂಕ್’ ಇಟ್ಟರು. ಚೆಲುವು ಕೊಟ್ಟು ಸಮಾಧಾನ ಮಾಡಿ ಮನೆಗೆ ಕಳಿಸುವುದಿಲ್ಲ. ನನ್ನ ಹೆಸರನ್ನು ಆ ಹಾಡಿನಿಂದಲೇ ತಗೊಂಡಿದ್ದು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2016ರಲ್ಲಿ ಇದನ್ನು ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಮೆಟಲ್ ಆಲ್ಬಂ ಒಂದಕ್ಕೆ ಆ ಜಾಗ ಸಿಕ್ಕಿದ್ದು ಅದೇ ಮೊದಲು. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಮೇಲಿನ ಎರಡು ಮಾತು: ಮೃದಂಗ ಕಲಿತವರೊಬ್ಬರು ತೊಡೆ ಮೇಲೆ ಎಣಿಸಿದ್ದು, ಫೋನ್ ನೋಡಿಕೊಂಡು ಒಬ್ಬ ಹುಡುಗಿ ಮತ್ತೆ ಹಾಕಿದ್ದು.

ಹೊಸ ಕೇಳುಗಿ:

ಸಾಹಿತ್ಯ ಮುಂದಿಟ್ಟುಕೊಂಡು ‘ಡಿಸ್ಪೋಸಬಲ್ ಹೀರೋಸ್’ ಕೇಳಿದೆ. ಎರಡು ದನಿ ಬೇರೆ ಬೇರೆ ಅಂತ ಗೊತ್ತಾದ ಮೇಲೆ ಹಾಡೇ ಬೇರೆಯಾಯಿತು. ದಣಿವು ಈಗಲೂ ಇದೆ, ಆದರೆ ಯಾಕೆ ಅಂತ ಗೊತ್ತಿದೆ. ಹಳೇ ಕ್ಯಾಸೆಟ್ ಅಣ್ಣನಿಗೆ ಥ್ಯಾಂಕ್ಸ್.

ಸ್ಲೇಯರ್ ಭಕ್ತ:

‘ಓರಿಯನ್’ ಇಟ್ಟ ಜಾಗದ ಬಗ್ಗೆ ನೀವು ಹೇಳಿದ್ದು ಗಟ್ಟಿಯಾಗಿದೆ, ಒಪ್ಪಿದೆ. ‘ಲೆಪರ್ ಮೆಸ್ಸಾಯ’ ಬಗ್ಗೆ ನೀವೂ ಉತ್ತರ ಕೊಡಲಿಲ್ಲ, ನಾನೂ ಬಿಡುವುದಿಲ್ಲ. 29 ನಿಮಿಷದಲ್ಲಿ ನಿಧಾನಕ್ಕೆ ಜಾಗವೇ ಕೊಡದೆ ‘ರೀನ್ ಇನ್ ಬ್ಲಡ್’ ಹೇಗೆ ಉಳಿಯಿತು ಅಂತ ಭಾನುವಾರ ಬೇರೆ ಚರ್ಚೆ ಶುರು ಮಾಡುತ್ತೇನೆ. ತಾಳದ ಲೆಕ್ಕ ಸರ್, ನೀವು ಬರಲೇಬೇಕು. ಅದರಲ್ಲಿನ ಡೇವ್ ಲೊಂಬಾರ್ಡೊ ಡ್ರಮ್ಸ್ ಬಗ್ಗೆ ನಿಮ್ಮ ಕಿವಿ ಏನು ಹೇಳುತ್ತದೆ ಅಂತ ಕೇಳಬೇಕು.